ಕರಿಬಸವ ಕೊಟ್ಟುಬಿಟ್ಟ ಸೂರಕ್ಕಿ

ಹೂಂಗುಟ್ಟುವವರು ಬಾಯಿಬಿಟ್ಟು ಹೂಂ ಅನ್ನಿ ಸ್ವಾಮಿ, ಬರೀ ತಲೆ ಆಡಿಸಬೇಡಿ. ತಲೆ ಆಡಿಸಿದರೆ ಏನು ಅನಾಹುತವಾಗುತ್ತೆ ಅನ್ನುವುದೇ ಈ ಕತೆ.

ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಬೆನ್ನಿಗಿರುವ ಗಲ್ಲಿಯಲ್ಲಿ, ಚೆನ್ನಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಕರಿಬಸವ ಅಂತ ಒಬ್ಬನೇ ಮಗ. ಆಳು ನೋಡಿದರೆ ತೆಂಗಿನ ಮರ, ಬುದ್ಧಿ ನೋಡಿದರೆ ಇನ್ನೂ ಮೊಳಕೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ. ‘ಹಾಲು ಉಕ್ಕೋದನ್ನ ನೋಡ್ತಿರು’ ಅಂದರೆ ಉಕ್ಕಿ, ಪಾತ್ರೆ ತಳ ಹಿಡಿದು, ಒಲೆ ಆರುವವರೆಗೂ ಕಣ್ಣು ಮಿಟುಕಿಸದೆ ನೋಡುವವನು. ‘ನೋಡಿದೆಯೇನ್ಲಾ?’ ಅಂತ ಕೇಳಿದರೆ, ‘ಹೂಂ ಅವ್ವ, ಬಲು ಚೆನ್ನಾಗಿ ಉಕ್ಕಿತು!’

‘ಅಯ್ಯೋ ಶಿವನೇ, ನಾನು ಹೋದ ಮೇಲೆ ಇವನಿಗೆ ಅನ್ನ ಹಾಕೋರು ಯಾರು?’ ಅನ್ನುವುದೊಂದೇ ಚೆನ್ನಾಜಮ್ಮನ ಕೊರಗು.

ಇವನ ಅಪ್ಪ ರೇಡಿಯೊ ಮುರಿಗೆಪ್ಪ ಬಲು ಚುರುಕು. ಆ ಗಲ್ಲಿಯಲ್ಲಿ ರೈಲು ಬಂದರೆ ವಾರ್ತೆ ಕೇಳಿಸದು, ರೇಡಿಯೊ ಜೋರು ಮಾಡಿದರೆ ಪಕ್ಕದ ಮನೆಯವರು ಬಿಡರು. ಮುರಿಗೆಪ್ಪ ತಲೆ ಕೆರೆದುಕೊಂಡ. ನಮ್ಮ ಕಡೆ ಬೇರೇನಿಲ್ಲದಿದ್ದರೂ ತೆಂಗಿನ ಕರಟಕ್ಕೆ ಬರವೇ! ಕರಟದ ಎರಡು ಹೋಳು ಉಜ್ಜಿ ನುಣುಪು ಮಾಡಿದ, ಒಳಗೆ ಅಯಸ್ಕಾಂತ, ತಂತಿಯ ಸುರುಳಿ ಕೂರಿಸಿದ, ಉಕ್ಕಿನ ಪಟ್ಟಿ ಬಾಗಿಸಿ ತಲೆಗೆ ಸಿಕ್ಕಿಸಿದ. ಚೆನ್ನಾಜಮ್ಮ ಬೂರುಗದ ಹತ್ತಿಯ ಮೆತ್ತೆ ಹೊಲಿದಳು. ಕರಟದ ಮೇಲೊಂದು ಬಟ್ಟೆಯ ಗವುಸು ಹಾಕಿ, ಹಿತ್ತಿಲ ನುಗ್ಗೆ ಹೂವಿನ ಜೇನು ಹೀರಲು ದಿನಾ ಬರುತ್ತಿದ್ದ ಪುಟ್ಟ ಹಕ್ಕಿ ಸೂರಕ್ಕಿಯನ್ನು ಹಳದಿ ದಾರದಲ್ಲಿ ಕಸೂತಿ ಹಾಕಿದಳು. ಅಷ್ಟೇ! ‘ಸೂರಕ್ಕಿ ಹೆಡ್‌ಫೋನು’ ಹುಟ್ಟಿತು.

ಹುಟ್ಟಿದ್ದು ಗಲ್ಲಿಯಲ್ಲಾದರೂ ಬೆಳೆದದ್ದು ರೈಲಿನಲ್ಲಿ. ಪ್ಲಾಟ್‌ಫಾರಮ್ಮಿನಲ್ಲಿ ಕೊಂಡವರು ಹುಬ್ಬಳ್ಳಿಗೆ ಒಯ್ದರು, ಮೈಸೂರಿಗೆ ಒಯ್ದರು, ಶಿವಮೊಗ್ಗಕ್ಕೆ ಒಯ್ದರು. ರೇಡಿಯೊ ಹೋಗಿ ಟೇಪ್ ರೆಕಾರ್ಡರ್ ಬಂದಾಗಲಂತೂ ‘ಸೂರಕ್ಕಿ ಇದೆಯಾ?’ ಅಂತ ಜನ ಕೇಳಿಕೊಂಡು ಬರತೊಡಗಿದರು.

ಆ ಮನೆಯಲ್ಲೊಂದು ಪದ್ಧತಿ. ಯಾವ ಹೆಡ್‌ಫೋನೂ ಚೆನ್ನಾಜಮ್ಮನ ಕಿವಿ ದಾಟದೆ ಹೊರಗೆ ಹೋಗುವಂತಿಲ್ಲ. ಅವಳು ಕಣ್ಣು ಮುಚ್ಚಿ ಕೂರುತ್ತಿದ್ದಳು, ಮುರಿಗೆಪ್ಪ ತತ್ವಪದದ ಕ್ಯಾಸೆಟ್ ಹಾಕುತ್ತಿದ್ದ. ಪದದ ತಾಳಕ್ಕೆ ಅವಳ ತಲೆ ತಾನಾಗಿ ಆಡಿದರೆ ಪಾಸು. ಆಡದಿದ್ದರೆ ಮತ್ತೆ ಬಿಚ್ಚು.

ಮುರಿಗೆಪ್ಪ ಜಾಣ. ಮುಂದಾಲೋಚನೆಯಿಂದ ಸೂರಕ್ಕಿ ಅನ್ನುವ ಹೆಸರನ್ನು ಮಗನ ಹೆಸರಿಗೇ ರಿಜಿಸ್ಟರ್ ಮಾಡಿಸಿಟ್ಟ. ಸಾಯುವಾಗ ಹೆಂಡತಿಯ ಕೈ ಹಿಡಿದು, ‘ಚೆನ್ನಾಜಿ, ಹಕ್ಕಿ ಈ ಮನೆ ಬಿಡದ ಹಾಗೆ ನೋಡ್ಕೊ. ಅದಿರೋವರೆಗೂ ಹುಡುಗನಿಗೆ ಅನ್ನ ಇರುತ್ತೆ’ ಅಂದ. ಕಣ್ಣು ಮುಚ್ಚಿದ.

ಆಮೇಲೆ ಏನಾಯಿತು? ಹೊಲಿಗೆ ಅವ್ವನದು, ಜೋಡಣೆ ಮಗನದು ಅಂತಾಯಿತು.

ಮೊದಲ ದೂರು ಬಂದದ್ದು ಭಾರದ್ದು. ಸ್ಟೇಷನ್ ಕ್ಯಾಂಟೀನಿನ ಶೇಷಾದ್ರಿ ಕತ್ತು ಉಜ್ಜಿಕೊಳ್ಳುತ್ತಾ ಬಂದ. ‘ಏನಮ್ಮ ಇದು, ಕಿವಿಗೆ ಹಾಕ್ಕೊಂಡ್ನೋ, ನೊಗ ಹೊತ್ಕೊಂಡ್ನೋ!’

ಚೆನ್ನಾಜಮ್ಮ ಹೇಳಿದಳು: ‘ಕರಿಬಸವ, ಸ್ವಲ್ಪ ಹಗುರ ಮಾಡು ಕಣಪ್ಪ.’

ಕರಿಬಸವ ಬಿಚ್ಚಿದ. ಒಂದೊಂದನ್ನೇ ಅಂಗೈಯಲ್ಲಿ ತೂಗಿ ನೋಡಿದ. ಎಲ್ಲಕ್ಕಿಂತ ಭಾರದ್ದು ಯಾವುದು? ಅಯಸ್ಕಾಂತ! ತೆಗೆದು ಬಿಸಾಡಿದ. ಗೂಡಿನಲ್ಲಿದ್ದ ಅಷ್ಟರದ್ದೂ ತೆಗೆದ. ಅವ್ವ ಅವತ್ತೊಂದು ದಿನ ಸೋದರಮಾವನ ಮನೆಗೆ ಹೋಗಿದ್ದಳು, ಕೇಳಿ ಪಾಸು ಮಾಡುವವರಿಲ್ಲ. ಸಾಮಾನು ಹೊರಟೇ ಹೋಯಿತು.

ಮಾರನೆಯ ದಿನ ಶೇಷಾದ್ರಿ ಮತ್ತೆ ಬಂದ. ‘ಹಗುರವೇನೋ ಆಯ್ತಮ್ಮ. ಆದರೆ ಗೋಡೆಗೆ ಕಿವಿ ಇಟ್ಟ ಹಾಗಿದೆ! ಹಾಡೂ ಇಲ್ಲ, ಹಸೆಯೂ ಇಲ್ಲ. ರೈಲಿನ ಸದ್ದು ಕೂಡ ಕೇಳಿಸೊಲ್ಲ!’

‘ಅಯ್ಯೋ ಪೆದ್ದೇ! ಏನ್ ಮಾಡಿದ್ಲಾ?’

‘ಅವ್ವ, ನೀನೇ ಅಲ್ವೇನವ್ವ ಹೇಳಿದ್ದು?’

‘ಹೇಳಿದ್ದು ಹೌದು ಕಣ್ಲಾ, ಹೇಳಿದ್ದು ಹಾಗಲ್ಲ! ಒಳಗಡೇದು ಮುಟ್ಟಬಾರದು. ತೆಗೆಯೋದೇನಿದ್ರೂ ಹೊರಗಡೇದು ತೆಗೀಬೇಕು. ತಿಳೀತಾ?’

‘ತಿಳೀತವ್ವ. ಒಳಗಡೇದು ಮುಟ್ಟಬಾರದು, ಹೊರಗಡೇದು ತೆಗೀಬೇಕು.’

ಕೆಲವು ದಿನ ಕಳೆಯಿತು. ಈಗ ದೂರು ವೈರಿನದು. ಕಾಲೇಜು ಹುಡುಗಿಯರ ಹಿಂಡೇ ಬಂತು. ‘ಅಜ್ಜಿ, ವೈರು ಜಡೆಗೆ ಸಿಕ್ಕೊಳ್ಳುತ್ತೆ, ಬಳೆಗೆ ಸಿಕ್ಕೊಳ್ಳುತ್ತೆ, ಗಂಟು ಬಿಡಿಸೋದ್ರೊಳಗೆ ಹಾಡೇ ಮುಗಿಯುತ್ತೆ!’

ಚೆನ್ನಾಜಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದಳು: ‘ಆ ವೈರಿನ ಕಾಟ ತಪ್ಪಿಸೋ ಕರಿಬಸವ!’

ವೈರು ಎಲ್ಲಿದೆ? ಹೊರಗಿದೆ. ಹೊರಗಡೇದು ಏನು ಮಾಡಬೇಕು? ತೆಗೀಬೇಕು. ಅವ್ವನ ಹೊಲಿಗೆ ಕತ್ತರಿ ತಗೊಂಡ. ಕಚಕ್! ಕಚಕ್! ಕಚಕ್! ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನೋಡುತ್ತಿದ್ದ ಹಾಗೇ ಅವರ ಹೆಡ್‌ಫೋನಿಗೆಲ್ಲ ಬಾಲ ಇಲ್ಲದಂತಾಯಿತು.

‘ತಗೊಳ್ಳಿ ತಾಯಿ, ಇನ್ನು ಜನ್ಮದಲ್ಲಿ ಗಂಟು ಬೀಳೋಲ್ಲ!’

ಗಲ್ಲಿಗೆ ಗಲ್ಲಿಯೇ ನಕ್ಕಿತು. ‘ವೈರಿಲ್ಲದ ಹೆಡ್‌ಫೋನಂತೆ! ಸೂತ್ರ ಇಲ್ಲದ ಗಾಳಿಪಟವಂತೆ!’ ನಕ್ಕವರಲ್ಲಿ ನೆಂಟರೂ ಇದ್ದರು, ಓದಿದವರೂ ಇದ್ದರು. ಚೆನ್ನಾಜಮ್ಮ ತಲೆ ಚಚ್ಚಿಕೊಂಡಳು.

‘ಪೆದ್ದೇ! ಪೆದ್ದೇ! ಹಿಂದಿಲ್ಲ ಮುಂದಿಲ್ಲ, ಕತ್ತರಿಸಿಬಿಡೋದಾ?’

‘ಅವ್ವ, ನೀನೇ ಅಲ್ವೇನವ್ವ ಹೇಳಿದ್ದು?’

‘ಹೇಳಿದ್ದು ಹೌದು ಕಣ್ಲಾ, ಹೇಳಿದ್ದು ಹಾಗಲ್ಲ! ಏನು ತೆಗೀಬೇಕಾದ್ರೂ ಮೊದಲು ಕೇಳಬೇಕು. “ತೆಗೆಯಲಾ?” ಅಂತ ಕೇಳಬೇಕು. ಅವರು ಹೂಂ ಅನ್ನೋವರೆಗೂ ಕೈ ಹಚ್ಚಬಾರದು. ತಿಳೀತಾ?’

‘ತಿಳೀತವ್ವ. ಕೇಳಬೇಕು, ಹೂಂ ಅಂದರೆ ಕೈ ಹಚ್ಚಬೇಕು.’

ಇಷ್ಟರಲ್ಲಿ ದಾವಣಗೆರೆಯ ದೊಡ್ಡ ಸಗಟು ವ್ಯಾಪಾರಿ ಕೊಟ್ರಪ್ಪ ಸಾಹುಕಾರರಿಗೆ ಸೂರಕ್ಕಿಯ ಸುದ್ದಿ ಮುಟ್ಟಿತು. ಅವರು ಒಪ್ಪಿದರೆ ನಾಡಿನ ಅಂಗಡಿ ಅಂಗಡಿಯಲ್ಲೂ ಹಕ್ಕಿ ಕೂತ ಹಾಗೆಯೇ! ಸಾಹುಕಾರರು ಬಂದರು, ಹೆಡ್‌ಫೋನು ಹಾಕಿಕೊಂಡರು. ‘ಸಂಜೆ ಮಗಳ ನಿಶ್ಚಿತಾರ್ಥ ಇದೆ, ಗಾಡಿ ಬಂದರೆ ಹೇಳಪ್ಪ’ ಅಂದರು, ತತ್ವಪದಕ್ಕೆ ಕಿವಿ ಕೊಟ್ಟರು. ಆಹಾ! ಕಣ್ಣು ಮುಚ್ಚಿತು. ತಲೆ ಆಡತೊಡಗಿತು. ಚೆನ್ನಾಜಮ್ಮ ಹಿಗ್ಗಿ ಹೀರೇಕಾಯಿಯಾಗಿ ಉಪ್ಪಿಟ್ಟು ಕೆದಕಲು ಒಳಗೆ ಹೋದಳು.

ಗಾಡಿ ಬಂತು.

‘ಸಾಹುಕಾರ್ರೇ, ಗಾಡಿ ಬಂತು.’

ಸಾಹುಕಾರರು ತಲೆ ಆಡಿಸಿದರು.

‘ಸಾಹುಕಾರ್ರೇ, ಕಿವೀದು ತೆಗೆಯಲಾ?’

ಸಾಹುಕಾರರು ಇನ್ನೂ ಚೆನ್ನಾಗಿ ತಲೆ ಆಡಿಸಿದರು.

‘ತೆಗೆಯಲಾ ಸಾಹುಕಾರ್ರೇ?’ ತಲೆ ಆಡಿತು. ‘ತೆಗೆಯಲಾ?’ ತಲೆ ಆಡಿತು. ಹೂಂ ಮಾತ್ರ ಬರಲಿಲ್ಲ. ಗಾಡಿ ಕೂಗಿತು. ಗಾಡಿ ಹೊರಟಿತು. ಕೊನೆಯ ಡಬ್ಬಿಯೂ ದಾಟಿತು. ಕ್ಯಾಸೆಟ್ ಮುಗಿದು ಸಾಹುಕಾರರು ಕಣ್ಣು ಬಿಟ್ಟರು. ಆಮೇಲೆ ಅವರು ಆಡಿದ ಮಾತು ಇಲ್ಲಿ ಬೇಡ. ಉಪ್ಪಿಟ್ಟು ಮುಟ್ಟದೆ ಬಾಡಿಗೆ ಕಾರು ಹಿಡಿದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಚೆನ್ನಾಜಮ್ಮ ಅವತ್ತು ಬೈಯುತ್ತಾ ಬೈಯುತ್ತಾ ಅತ್ತಳು. ‘ಅವರು ತಲೆ ಆಡಿಸಲಿಲ್ಲವೇನ್ಲಾ?’

‘ಬಲು ಚೆನ್ನಾಗಿ ಆಡಿಸಿದರವ್ವ! ಹೂಂ ಅನ್ನಲಿಲ್ಲ.’

‘ತಲೆ ಆಡಿಸಿದರೆ ಹೂಂ ಅಂದ ಹಾಗೇ ಕಣ್ಲಾ! ಬಾಯಿಬಿಟ್ಟು ಹೇಳಲಿ ಅಂತ ಯಾರಾದರೂ ಕಾಯ್ತಾರಾ? ತಿಳೀತಾ?’

‘ತಿಳೀತವ್ವ. ತಲೆ ಆಡಿಸಿದರೆ ಹೂಂ ಅಂದ ಹಾಗೆ.’

ಆ ಮಾತೊಂದು ಅವಳ ಬಾಯಿಂದ ಬರಬಾರದಿತ್ತು. ಬಂದುಬಿಟ್ಟಿತು.

ವರ್ಷಗಳು ಉರುಳಿದವು. ಬೊಂಬಾಯಿ ಕಡೆಯ ಒಂದು ದೊಡ್ಡ ಕಂಪನಿಯಿಂದ ಸೂಟು ಬೂಟಿನ ಮನುಷ್ಯನೊಬ್ಬ ಬಂದ. ಅವನಿಗೆ ಕರಟ ಬೇಡ, ಮೆತ್ತೆ ಬೇಡ. ಜನರ ಬಾಯಲ್ಲಿ ನಿಂತ ಹೆಸರು ಬೇಕು, ಹಳದಿ ಹಕ್ಕಿ ಬೇಕು. ಚೆನ್ನಾಜಮ್ಮ ಹೊರಗೆ ನಿಲ್ಲಿಸಿಯೇ ಹೇಳಿದಳು: ‘ಹಕ್ಕಿ ಮಾರೋದಿಲ್ಲ ಸ್ವಾಮಿ. ಅದು ನನ್ನ ಮಗನ ಅನ್ನ.’ ಮಗನನ್ನು ಒಳಗೆ ಕರೆದು ಕೆನ್ನೆ ಸವರಿ, ‘ನೋಡಪ್ಪ, ನನ್ನ ಕೇಳದೆ ಯಾರಿಗೂ ಏನೂ ಕೊಡಬೇಡ, ಎಲ್ಲೂ ರುಜು ಹಾಕಬೇಡ’ ಅಂದಳು.

‘ತಿಳೀತವ್ವ. ನಿನ್ನ ಕೇಳದೆ ಕೊಡಬಾರದು.’

ಆ ಮನುಷ್ಯ ಗಲ್ಲಿಯ ತುದಿಯಲ್ಲಿ ಟೀ ಕುಡಿದು, ರುಜು ಹಾಕಿಸುವ ಕಾಗದ ಹಿಡಿದು ಮತ್ತೆ ಬಂದ. ಚೆನ್ನಾಜಮ್ಮ ಒಳಕೋಣೆಯಲ್ಲಿ ಅವತ್ತಿನ ಸಾಮಾನು ಪಾಸು ಮಾಡುತ್ತಾ ಕೂತಿದ್ದಳು. ಕಣ್ಣು ಮುಚ್ಚಿದೆ, ಕಿವಿಗೆ ಕರಟ, ಕರಟದಲ್ಲಿ ತತ್ವಪದ. ಗಂಡ ಹಾಕುತ್ತಿದ್ದ ಅದೇ ಕ್ಯಾಸೆಟ್ಟು.

ಕರಿಬಸವ ಬಾಗಿಲಲ್ಲಿ ನಿಂತು ಕೇಳಿದ: ‘ಅವ್ವ, ಹಕ್ಕಿ ಕೊಡ್ತೀರಾ ಅಂತ ಇವರು ಕೇಳ್ತಾ ಇದಾರೆ. ಕೊಡಲಾ?’

ಚೆನ್ನಾಜಮ್ಮನ ತಲೆ ಆಡಿತು.

‘ರುಜು ಹಾಕಲಾ ಅವ್ವ?’

ಚೆನ್ನಾಜಮ್ಮನ ತಲೆ ಆಡಿತು. ಅವತ್ತಿನ ಹೆಡ್‌ಫೋನು ಅಷ್ಟು ಚೆನ್ನಾಗಿ ಬಂದಿತ್ತು. ಮಗ ಮೊದಲ ಸಲ ಒಂದು ತಪ್ಪೂ ಇಲ್ಲದೆ ಜೋಡಿಸಿದ್ದ. ಅವಳು ಕಣ್ಣು ಮುಚ್ಚಿ ಅದನ್ನೇ ನೆನೆದು ಹಿಗ್ಗುತ್ತಿದ್ದಳು.

ಕರಟ ಇಳಿಸಿ ಹೊರಗೆ ಬಂದಾಗ ಆ ಮನುಷ್ಯನ ಗಾಡಿ ಹೋಗಿತ್ತು. ಮಗ ನಗುತ್ತಾ ನಿಂತಿದ್ದ. ‘ಕೊಟ್ಟೆನವ್ವ. ಕೇಳಿಯೇ ಕೊಟ್ಟೆ. ನೀನು ತಲೆ ಆಡಿಸಿದೆ.’

ಚೆನ್ನಾಜಮ್ಮ ಬೈಯಲಿಲ್ಲ. ಅದೊಂದೇ ಸಲ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತಳು. ಕರಿಬಸವ ಬೈಗುಳಕ್ಕೆ ಕಾದ, ಅದರ ಹಿಂದೆ ಬರುವ ಬುದ್ಧಿಮಾತಿಗೆ ಕಾದ. ಎರಡೂ ಬರಲಿಲ್ಲ. ಅವನಿಗೆ ದಿಕ್ಕು ತೋಚದಾಯಿತು.

ಆಮೇಲಿನ ಸೂರಕ್ಕಿಯ ಕತೆ ನಿಮಗೇ ಗೊತ್ತು ಬಿಡಿ. ಕರಟ ಹೋಗಿ ಪ್ಲಾಸ್ಟಿಕ್ ಬಂತು. ಕಸೂತಿ ಹೋಗಿ ಅಚ್ಚು ಬಂತು, ಅಚ್ಚು ಹೋಗಿ ಅಂಟಿಸುವ ಹಕ್ಕಿ ಬಂತು. ಮನೆಗೆ ಮಾತ್ರ ‘ಸೂರಕ್ಕಿ ಇದೆಯಾ?’ ಅಂತ ಯಾರೂ ಬರಲಿಲ್ಲ. ತಾಯಿ ರವಿಕೆ ಹೊಲಿಯತೊಡಗಿದಳು, ಮಗ ಕ್ಯಾಂಟೀನಿನಲ್ಲಿ ಲೋಟ ತೊಳೆಯತೊಡಗಿದ.

ಒಂದು ದಿನ ಚೆನ್ನಾಜಮ್ಮ ಅವನಿಗೆ ಬುತ್ತಿ ಕೊಡಲು ಸ್ಟೇಷನ್ನಿಗೆ ಹೋದಳು. ಕಂಬದ ಮೇಲೆ ಆಳೆತ್ತರದ ಜಾಹೀರಾತು, ಹಳದಿ ಹಕ್ಕಿ. ಶೇಷಾದ್ರಿ ಓದಿ ಹೇಳಿದ: ‘ಹೂವಿನಷ್ಟು ಹಗುರ! ವೈರಿನ ಕಾಟವಿಲ್ಲ! ಹೊರಗಿನ ಸದ್ದು ಒಂದಿಷ್ಟೂ ಕೇಳಿಸದು! ಹೊಸ ಸೂರಕ್ಕಿ!’

ಚೆನ್ನಾಜಮ್ಮ ಹಕ್ಕಿಯ ಕಡೆ ಬೆರಳು ತೋರಿಸಿದಳು.

‘ಶೇಷಪ್ಪ, ನನ್ನ ಹುಡುಗ ಇದನ್ನೆಲ್ಲ ಆಗಲೇ ಮಾಡಿದ್ದ ಕಣೋ. ಹಗುರ ಮಾಡಿದ, ಬೈದೆ. ವೈರು ಕತ್ತರಿಸಿದ, ಬೈದೆ. ಈಗ ನೋಡು, ಲೋಕವೇ ಕತ್ತರಿಸಿಕೊಂಡು ಓಡಾಡ್ತಿದೆ!’

‘ಅವನದರಲ್ಲಿ ಹಾಡು ಬರ್ತಿರಲಿಲ್ಲವಲ್ಲ ಚೆನ್ನಾಜಕ್ಕ.’

‘ಅದೊಂದು ಕಮ್ಮಿ ಇತ್ತು, ನಿಜ. ಅವರಪ್ಪ ಇದ್ದಿದ್ದರೆ ಅದನ್ನ ತುಂಬಿಕೊಡ್ತಿದ್ದ. ನಾನು ಬೈಗುಳ ತುಂಬಿಕೊಟ್ಟೆ.’

ಮನೆಗೆ ಬಂದು ಮಲಗಿದಳು. ಜ್ವರ ಬಂತು. ಮಗ ಕಾಲ ಬಳಿ ಕೂತು ಕೇಳಿದ: ‘ಏನು ಬೇಕವ್ವ? ಹೇಳವ್ವ, ಮಾಡ್ತೀನಿ.’

ಜ್ವರದ ಮಂಪರಿನಲ್ಲಿ ಅವಳ ಬಾಯಿಂದ ಬಂತು: ‘ನಮ್ಮ ಹಕ್ಕಿ ಮನೆಗೆ ಬರಬೇಕಪ್ಪ.’

ಆಹಾ! ಕರಿಬಸವನ ಮುಖ ಅರಳಿತು. ಎಷ್ಟು ವರ್ಷಕ್ಕೆ ಅವ್ವ ಒಂದು ಕೆಲಸ ಹೇಳಿದ್ದಳು! ಹೊಲಿಗೆ ಕತ್ತರಿ ತಗೊಂಡು ಸ್ಟೇಷನ್ನಿಗೆ ಓಡಿದ. ಶಿವಮೊಗ್ಗದ ಗಾಡಿ ನಿಂತಿತ್ತು. ಹತ್ತಿದ. ಸೀಟು ಸೀಟಿನಲ್ಲೂ ಜನ, ಕಿವಿ ಕಿವಿಯಲ್ಲೂ ಹಕ್ಕಿ! ಅವನಿಗೆ ಅವ್ವನ ಮಾತುಗಳೆಲ್ಲ ನೆನಪಿದ್ದವು. ಒಳಗಡೇದು ಮುಟ್ಟಬಾರದು, ಹೊರಗಡೇದು ತೆಗೀಬೇಕು. ಹಕ್ಕಿ ಇದ್ದದ್ದು ಹೊರಗಡೆಯೇ. ಮೊದಲು ಕೇಳಬೇಕು. ಕೇಳಿದ.

‘ಸ್ವಾಮಿ, ಇದು ನಮ್ಮ ಮನೆ ಹಕ್ಕಿ. ತೆಗೆಯಲಾ?’

ಸ್ವಾಮಿಗೆ ಕಿವಿ ತುಂಬ ಹಾಡು. ತಲೆ ಆಡಿತು. ಕರಿಬಸವ ಕತ್ತರಿಯ ತುದಿಯಿಂದ ನಾಜೂಕಾಗಿ ಹಕ್ಕಿ ಎಬ್ಬಿಸಿಕೊಂಡ. ‘ತಾಯಿ, ತೆಗೆಯಲಾ?’ ತಲೆ ಆಡಿತು, ಹಕ್ಕಿ ಬಂತು. ‘ತಮ್ಮಾ, ತೆಗೆಯಲಾ?’ ತಲೆ ಆಡಿತು, ಹಕ್ಕಿ ಬಂತು. ಬೀರೂರು ಮುಟ್ಟುವುದರೊಳಗೆ ಜೇಬು ತುಂಬಿತು.

ತಿರುಗುವ ಗಾಡಿಯಲ್ಲಿ ಬಂದು ಅವ್ವನ ಮಡಿಲಿಗೆ ಸುರಿದ. ‘ತಗೋ ಅವ್ವ, ಮನೆಗೆ ಬಂದವು!’

ಬೆರಳಿನುಗುರಿನಷ್ಟು ಹಳದಿ ಹಕ್ಕಿಗಳು. ಚೆನ್ನಾಜಮ್ಮ ಒಂದೊಂದನ್ನೇ ಮುಟ್ಟಿ ನೋಡಿದಳು. ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಬಿಕ್ಕಿ ಬಿಕ್ಕಿ ಅಳುವಾಗ ಅವಳ ತಲೆ ಮೇಲೆ ಕೆಳಗೆ ಆಡುತ್ತಿತ್ತು.

‘ಉಳಿದವನ್ನೂ ತರಲಾ ಅವ್ವ?’ ಅಂತ ಕೇಳಿದ ಕರಿಬಸವ.

ತಲೆ ಆಡಿತು.

‘ಎಲ್ಲಾನೂ ತರಲಾ?’

ತಲೆ ಆಡಿತು. ಕತ್ತರಿ ಎತ್ತಿಕೊಂಡು ಹೊರಟೇಬಿಟ್ಟ.

ಈಗಲೂ ತರುತ್ತಲೇ ಇದ್ದಾನೆ. ಅರಸೀಕೆರೆ ದಾಟುವಾಗ ನರೆಗೂದಲಿನ ಉದ್ದನೆಯ ಮನುಷ್ಯನೊಬ್ಬ ನಿಮ್ಮ ಕಿವಿಯ ಹತ್ತಿರ ಬಗ್ಗಿ ‘ತೆಗೆಯಲಾ?’ ಅಂದರೆ ಹುಷಾರು, ತಲೆ ಆಡಿಸಬೇಡಿ. ಇಲ್ಲ, ಇರಲಿ, ಆಡಿಸಿ. ಒಂದು ಹಕ್ಕಿ ಹೋದರೆ ನಿಮ್ಮ ಹಾಡೇನೂ ನಿಲ್ಲುವುದಿಲ್ಲ. ಅಲ್ಲಿ ಆ ಗಲ್ಲಿಯಲ್ಲಿ ಒಬ್ಬಳು ಮುದುಕಿ, ಮಗ ತಂದ ಹಕ್ಕಿಗಳನ್ನೆಲ್ಲ ಗಂಡ ಮಾಡಿದ ಹಳೆಯ ಕರಟಕ್ಕೆ ಅಂಟಿಸುತ್ತಾ ಕೂತಿದ್ದಾಳೆ. ಕರಟದ ಮೇಲೆ ಇನ್ನೂ ಜಾಗವಿದೆ.