ದಡದ ಒಳಗಿನ ಮಣ್ಣು

ಮೊಟ್ಟೆಯಿಡುವ ಹೊತ್ತು ಹತ್ತಿರವಾಗಿದ್ದ ಮಿಂಚುಳ್ಳಿಯೊಂದು ಗೂಡು ಕೊರೆಯಲು ಹೊಳೆಯ ದಡದಲ್ಲಿ ಜಾಗ ಹುಡುಕುತ್ತಿತ್ತು. ಬಿಸಿಲಿಗೆ ಒಣಗಿದ್ದ ಒಂದು ಕಡೆ ಕೊಕ್ಕಿನಿಂದ ಒಮ್ಮೆ ಕುಟ್ಟಿ, "ಕಲ್ಲಿನಂತಿದೆ, ಇದೇ ಸಾಕು" ಎಂದುಕೊಂಡಿತು.

ಆಚೆಯ ಬಂಡೆಯ ಸಂದಿಯಿಂದ ಮುದಿ ಏಡಿ ಇಣುಕಿತು. "ತಾಯಿ, ಅಲ್ಲಿ ಬಿಲ ತೋಡಿ ಬಿಟ್ಟುಬಂದವನು ನಾನು. ಗಟ್ಟಿಯಿರುವುದು ಮೇಲಿನ ಪದರ ಮಾತ್ರ. ಒಳಗೆಲ್ಲ ಪ್ರವಾಹ ತಂದು ಪೇರಿಸಿದ ಮರಳು, ಮಳೆಗೆ ನಿಲ್ಲದು. ಇನ್ನಷ್ಟು ಆಳಕ್ಕೆ ಕೊರೆದು ನೋಡು, ಆಮೇಲೆ ತೀರ್ಮಾನಿಸು."

ಮಿಂಚುಳ್ಳಿ ನಕ್ಕಿತು. "ನಿನ್ನ ಮರಿಗಳನ್ನು ಹಿಡಿದು ತಿನ್ನುವವಳು ನಾನು. ನಾನು ದೂರ ಹೋದರೆ ನಿನಗೇ ಒಳ್ಳೆಯದಲ್ಲವೇ, ಏಡಜ್ಜ?"

"ಒಳ್ಳೆಯದೇ. ನನಗೆ ಒಳ್ಳೆಯದೆಂದು ಮರಳು ಗಟ್ಟಿಯಾದೀತೇ?" ಎಂದಿತು ಏಡಿ.

ಕೊರೆಯುವಾಗ ಒಳಗಿನ ಮರಳು ಸಡಿಲವಾಗಿ ಉದುರಿತು. ಮಿಂಚುಳ್ಳಿ ಅದನ್ನು ನೋಡದೆ ಇರಲಿಲ್ಲ. ಆದರೆ ಒಡಲು ಭಾರವಾಗಿತ್ತು, ಬೇರೆ ದಡ ಹುಡುಕಲು ಪುರುಸೊತ್ತಿರಲಿಲ್ಲ. "ಕೆಲಸ ಬೇಗ ಮುಗಿಯಿತು" ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿತು.

ಮರಿಗಳಿಗೆ ನೀಲಿ ಗರಿ ಮೂಡುತ್ತಿದ್ದಾಗ ಮೊದಲ ಮಳೆ ಬಂತು. ಮಿಂಚುಳ್ಳಿ ಮೀನು ಕಚ್ಚಿಕೊಂಡು ಹಿಂತಿರುಗುವಷ್ಟರಲ್ಲಿ ದಡ ಕುಸಿದು ಹೊಳೆಯ ಪಾಲಾಗಿತ್ತು. ಎಷ್ಟು ಕೂಗಿ ಕರೆದರೂ ಮರಿಗಳು ಓಗೊಡಲಿಲ್ಲ.

ಏಡಿ ಮೆಲ್ಲನೆ ಬಂದು ಪಕ್ಕದಲ್ಲಿ ಕೂತಿತು. ಮರಿಗಳನ್ನು ಕಳೆದುಕೊಳ್ಳುವ ಸಂಕಟ ಅದಕ್ಕೂ ಗೊತ್ತಿತ್ತು.

ಮಿಂಚುಳ್ಳಿ ಹೇಳಿತು: "ನೆಲವನ್ನು ನಾನೂ ಪರೀಕ್ಷಿಸಿದೆ, ಏಡಜ್ಜ. ಕೊಕ್ಕಿನಿಂದ ಮಾಡಬೇಕಾದ ಪರೀಕ್ಷೆಯನ್ನು ಮರಿಗಳನ್ನಿಟ್ಟು ಮಾಡಿದೆ."