ಸಾವಿರ ಸುತ್ತಿನ ಕೊಸರು

“ಗುರುಗಳೇ, ನನ್ನ ಗಿಟಾರಿನಲ್ಲಿ ಹಳೆಯ ಬ್ಲೂಸ್‌ನ ನಾದ ಬರಬೇಕು. ಅಂಗಡಿಯಲ್ಲಿ ಇರುವುದರಲ್ಲೇ ಬಲವಾದ ಪಿಕಪ್ ಹಾಕಿಸಿಬಿಡಲೇ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ವೈಂಡರ್ ಇದ್ದ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಕೊಸರಿಲ್ಲದೆ ಗಿರಾಕಿಯನ್ನು ಕಳಿಸುವ ಜಾಯಮಾನ ಅವನದಲ್ಲ. ಮೋಟಾರಿಗೆ ಒಂದು ಕೋಟು ವಾರ್ನಿಶ್ ಹೆಚ್ಚು, ಫ್ಯಾನಿಗೆ ಎರಡು ತೊಟ್ಟು ಎಣ್ಣೆ ಹೆಚ್ಚು. ಅಂಗಡಿ ನಿಂತದ್ದೇ ಆ ಕೊಸರಿನ ಮೇಲೆ ಎಂದು ನಂಬಿದ್ದ.

ಒಂದು ಮಧ್ಯಾಹ್ನ ಒಬ್ಬ ವಾದಕ ಗಿಟಾರ್ ಹೊತ್ತು ಬಂದ. ಅದರ ಪಿಕಪ್ ಕೆಟ್ಟಿತ್ತು. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಂತಿ ಸುತ್ತಿದ ಸುರುಳಿ ಅದು. ಗಿಟಾರಿನ ತಂತಿಗಳ ನಡುಕವನ್ನು ಹಿಡಿದು ಸ್ಪೀಕರಿಗೆ ಮುಟ್ಟಿಸುತ್ತದೆ. ಸಂಜೆ ಅವನು ಒಂದು ಬ್ಲೂಸ್ ತಂಡದ ಮುಂದೆ ನುಡಿಸಿ ತೋರಿಸಬೇಕಿತ್ತು. ಮೆಚ್ಚಿದರೆ ತಂಡದಲ್ಲಿ ಜಾಗ, ಇಲ್ಲವಾದರೆ ಬಂದ ದಾರಿ.

ವೈಂಡರ್ ಹಳೆಯ ತಂತಿಯನ್ನು ಬಿಚ್ಚುತ್ತ ಎಣಿಸಿದ. ಎಂಟು ಸಾವಿರ ಸುತ್ತು. ಅಷ್ಟನ್ನೂ ಹೊಸದಾಗಿ ಸುತ್ತಿದ. ಕೊಸರು ಕೊಡೋಣವೆಂದರೆ ಇದಕ್ಕೆ ವಾರ್ನಿಶೂ ಬೇಡ, ಎಣ್ಣೆಯೂ ಬೇಡ. ಮೇಲೆ ಇನ್ನೊಂದು ಸಾವಿರ ಸುತ್ತು ಹಾಕಿದ.

ವಾದಕ ತಾನು ತಂದಿದ್ದ ಪುಟ್ಟ ಸ್ಪೀಕರಿಗೆ ಜೋಡಿಸಿ ಮೀಟಿದ. ಅಂಗಡಿಯ ಡಬ್ಬಗಳೆಲ್ಲ ಅದುರಿದವು. ಬೀದಿಯ ಜನ ಓಡಿಬಂದರು. ವೈಂಡರಿಗೆ ಹಿಗ್ಗೋ ಹಿಗ್ಗು. “ಹೆಂಗಿದೆ ಸ್ವಾಮಿ, ನಮ್ಮ ಕೈ!”

ವಾದಕ ಒಂದು ಸ್ವರವನ್ನು ಬೆರಳಿನಿಂದ ಮೆಲ್ಲಗೆ ಎಳೆದ. ಬ್ಲೂಸ್ ಎಂದರೆ ಅಳಲಿನ ಸಂಗೀತ, ಅದರಲ್ಲಿ ಆ ಎಳೆತ ಅಳಬೇಕು. ಇದು ಬಾಯಿಗೆ ಬಟ್ಟೆ ತುರುಕಿದಂತೆ ಗೊಣಗಿತು. ಅವನ ಮುಖ ಇಳಿಯಿತು.

“ಜೋರೇನೋ ಇದೆ ಅಣ್ಣಾ, ಅಳುವೇ ಇಲ್ಲ. ಏನಾದರೂ ಹೆಚ್ಚಿಗೆ ಹಾಕಿದಿರಾ?”

“ಒಂದು ಸಾವಿರ ಸುತ್ತು. ನನ್ನ ಕೊಸರು.”

“ತೆಗೆದುಬಿಡಿ.”

ಕೊಸರು ಸಾಲದೆಂದು ಜಗಳಕ್ಕೆ ನಿಂತವರನ್ನು ವೈಂಡರ್ ಕಂಡಿದ್ದ, ಬೇಡವೆಂದವರನ್ನು ಕಂಡಿರಲಿಲ್ಲ. ಪಕ್ಕದಂಗಡಿಯವನು ಬೇರೆ ಕಿಸಕ್ಕನೆ ನಕ್ಕ. ವೈಂಡರ್ ಹಲ್ಲು ಕಚ್ಚಿಕೊಂಡು ಐನೂರು ಸುತ್ತು ಬಿಚ್ಚಿ ಬೆಸುಗೆ ಹಾಕಿದ. ವಾದಕ ಮತ್ತೆ ಎಳೆದಾಗ ಸ್ವರದ ಗಂಟಲು ತುಸು ಬಿಟ್ಟಿತು. ವೈಂಡರ್ ಕತ್ತೆತ್ತಿ ನೋಡಿದ. ಇನ್ನೈನೂರು ಬಿಚ್ಚಿದ. ಅಳು ತುಟಿಯ ತನಕ ಬಂದು ನಿಂತಿತು. ಈಗ ಹುರುಪು ವೈಂಡರಿನ ಕೈಗೇ ಹತ್ತಿತ್ತು. ಕೊಸರು ಮುಗಿದಿದ್ದರೂ ಮತ್ತೆ ಇನ್ನೂರು ಬಿಚ್ಚಿದ.

ವಾದಕ ಕಣ್ಣು ಮುಚ್ಚಿ ಸ್ವರ ಎಳೆದ. ಅದು ಅತ್ತಿತು. ಬೀದಿ ಗಪ್ಪಾಯಿತು. ವೈಂಡರಿನ ಮೈಯೆಲ್ಲ ಜುಮ್ಮೆಂದಿತು.

“ಸಾಕು!” ಎಂದ ವಾದಕ.

“ಇನ್ನೊಂದು ಮುನ್ನೂರು ತೆಗೀತೀನಿ ಸ್ವಾಮಿ, ಇನ್ನೂ ಚೆನ್ನಾಗಿ ಅಳುತ್ತೆ!” ಎಂದು ವೈಂಡರ್ ಮತ್ತೆ ಸುರುಳಿಗೆ ಕೈ ಹಾಕಿದ.

ವಾದಕ ಅವನ ಮಣಿಕಟ್ಟು ಹಿಡಿದು ನಕ್ಕ. “ಬೇಡ ಅಣ್ಣಾ, ಅದೂ ಕೊಸರೇ.”

ಸಂಜೆ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿತು.

ಕತೆ ಮುಗಿಯುತ್ತಲೇ ಶಿಷ್ಯ ಉಬ್ಬಿ ಎದ್ದು ನಿಂತ. “ತಿಳಿಯಿತು ಗುರುಗಳೇ! ಏಳು ಸಾವಿರದ ಎಂಟುನೂರು ಸುತ್ತಿನ ಪಿಕಪ್ಪನ್ನೇ ತರುತ್ತೇನೆ.”

ಗುರು ಹೇಳಿದರು: “ಸುತ್ತು ಎಣಿಸಿದವನು ವೈಂಡರ್ ಕಣಯ್ಯಾ, ವಾದಕ ಎಣಿಸಲೇ ಇಲ್ಲ.”

ಶಿಷ್ಯ ಮತ್ತೆ ಕುಳಿತು, ತನ್ನ ಗಿಟಾರಿನಲ್ಲಿ ಒಂದು ಸ್ವರವನ್ನು ಮೆಲ್ಲಗೆ ಎಳೆದು ಕಿವಿಗೊಟ್ಟ.