ಪಡಸಾಲೆಯಲ್ಲಿ ಹಿಡಿಸದ ರೈಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಗುರುಪಾದಪ್ಪನವರು. ಅವರದು ಎಣ್ಣೆಗಾಣದ ಮನೆ. ಸೋಮವಾರ ಗಾಣ ಹೂಡುತ್ತಿರಲಿಲ್ಲ. ಮಠಕ್ಕೆ ಹೋಗಿ, ಅಜ್ಜಾರ ಪೂಜೆ ಮುಗಿದು ಅವರು ಹೊರಗೆ ಬರುವವರೆಗೂ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಎಂದೇ ಕರೆಯುವುದು. ಅಂಥ ಒಂದು ಸೋಮವಾರ ತಮ್ಮ ಕಿವಿಯಾರೆ ಕೇಳಿದ್ದನ್ನು ಮಾವ ನನಗೆ ಹೇಳಿದರು. ಅವರು ಹೇಳಿದಂತೆಯೇ ಬರೆಯುತ್ತೇನೆ. ಸೇರಿಸಲು ನನಗೆ ಬರುವುದಿಲ್ಲ, ಬಿಡಲು ಮನಸ್ಸಿಲ್ಲ.

ಒಬ್ಬ ಶಿಷ್ಯ ಅಜ್ಜಾರನ್ನು ಕೇಳಿದ:

"ಅಪ್ಪಾವರೇ, ಜೋಳದ ರಾಶಿ ಕಾಯಲು ಕಣದಲ್ಲಿ ಮಲಗಿದ್ದೆ. ಮೇಲೆ ನೋಡಿದೆ. ಚುಕ್ಕಿಯ ಆಚೆ ಚುಕ್ಕಿ, ಅದರಾಚೆ ಮತ್ತೂ ಚುಕ್ಕಿ. ಇದಕ್ಕೆ ಗಡಿಯೇ ಇಲ್ಲವೆಂದು ಓದಿದವರು ಹೇಳುತ್ತಾರೆ. ಇಷ್ಟು ದೊಡ್ಡದನ್ನು ಮಾಡಿದವನಿಗೆ ಇದರೊಳಗೆ ನಾನು ಯಾವ ಲೆಕ್ಕ? ನಾನು ಅವನಿಗೆ ಕಾಣುತ್ತೇನೆಯೇ? ಅಂದಿನಿಂದ ಪೂಜೆಗೆ ಕುಳಿತರೆ ಹೂವು ಹಿಡಿದ ಕೈ ಹಾಗೆಯೇ ನಿಲ್ಲುತ್ತದೆ."

"ಪೂಜೆ ಬಿಟ್ಟೆಯಾ?" ಎಂದರು ಅಜ್ಜಾರು.

"ಬಿಟ್ಟಿಲ್ಲ. ಬಿಟ್ಟ ಹಾಗೆಯೇ."

ಅಜ್ಜಾರು ಅವನಿಗೆ ಎದುರಿನ ಜಾಗ ತೋರಿಸಿದರು. ಆಮೇಲೆ, "ಕುಳಿತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ಅವನ ಹತ್ತಿಯೆಲ್ಲ ರೈಲಿನಲ್ಲಿ ಹೋಗಿತ್ತು. ಅವನ ಬದುಕೆಲ್ಲ ರೈಲಿನಿಂದ ಬಂದಿತ್ತು. ವಯಸ್ಸಾದ ಮೇಲೆ ವ್ಯಾಪಾರವನ್ನು ಮಕ್ಕಳ ಕೈಗೆ ಬಿಟ್ಟ. ಒಂದು ಆಸೆ ಮಾತ್ರ ಉಳಿದಿತ್ತು. ತನ್ನ ಊರಿನ ನಿಲ್ದಾಣದಿಂದ ಪಕ್ಕದ ಊರಿನ ನಿಲ್ದಾಣದವರೆಗಿನ ರೈಲುದಾರಿಯನ್ನು ಮನೆಯೊಳಗೆ ಚಿಕ್ಕದಾಗಿ ಮಾಡಿ, ಅದರ ಮೇಲೆ ಚಿಕ್ಕ ರೈಲು ಓಡಿಸಬೇಕು. ಮಕ್ಕಳ ಆಟಿಕೆಯಂತಲ್ಲ, ಇದ್ದದ್ದು ಇದ್ದಂತೆ. ಒಂದು ಸೇತುವೆ ಬಿಡಬಾರದು, ಒಂದು ಬೇವಿನ ಮರ ಬಿಡಬಾರದು.

ಈ ಹವ್ಯಾಸ ಹಿಡಿದವರಿಗೆ ಮೊದಲು ಎದುರಾಗುವುದು ಅಳತೆಯ ಪ್ರಶ್ನೆ. ನಿಜವಾದ ರೈಲನ್ನು ಎಷ್ಟು ಪಾಲು ಕುಗ್ಗಿಸಬೇಕು? ಒಮ್ಮೆ ಗೊತ್ತುಮಾಡಿದರೆ ಮುಗಿಯಿತು. ಎಂಜಿನ್ನು, ಹಳಿ, ಮರ, ಮನುಷ್ಯ, ಎಲ್ಲವೂ ಅದೇ ಪಾಲಿಗೆ ಕುಗ್ಗಬೇಕು. ದೊಡ್ಡ ಅಳತೆ ಹಿಡಿದರೆ ಎಂಜಿನ್ನಿನ ಮೊಳೆ ಮೊಳೆಯೂ ಕಾಣುತ್ತದೆ, ಆದರೆ ದಾರಿ ಮನೆಯಲ್ಲಿ ಹಿಡಿಸುವುದಿಲ್ಲ. ಚಿಕ್ಕ ಅಳತೆ ಹಿಡಿದರೆ ದಾರಿ ಪೂರ್ತಿ ಹಿಡಿಸುತ್ತದೆ, ಆದರೆ ಅದರ ಮೇಲಿರುವುದು ಕಣ್ಣಿಗೆ ಸಿಗುವುದಿಲ್ಲ.

ವರ್ತಕ ತನ್ನ ಪಡಸಾಲೆಯನ್ನು ಅಳೆದ. ದಾರಿ ಅದರೊಳಗೆ ಹಿಡಿಸುವಂತೆ ಅಳತೆ ಗೊತ್ತುಮಾಡಿದ. ಎಂಜಿನ್ನು ಬೆರಳಿನಷ್ಟಾಯಿತು. ಡಬ್ಬಿಗಳು ಅವರೆಕಾಯಿಯಷ್ಟಾದವು. ಮನುಷ್ಯರು ಜೀರಿಗೆ ಕಾಳಿನಷ್ಟಾದರು. ಹಾಗೆ ಮಾಡಿದರೂ ನೆಟ್ಟಗಿದ್ದ ದಾರಿಯನ್ನು ಗೋಡೆಯ ಗುಂಟ ಸುತ್ತು ಹಾಕಿಸಬೇಕಾಯಿತು. ಅಷ್ಟಕ್ಕೆ ಅವನ ಮನಸ್ಸು ಒಪ್ಪಿತು. ಊರವರು ಬಂದರು, ಬೀಗರು ಬಂದರು. ಬೆರಳಿನಷ್ಟು ಎಂಜಿನ್ನು ಅವರೆಕಾಯಿಗಳನ್ನು ಎಳೆದುಕೊಂಡು ಹೋಗುವುದನ್ನು ನೋಡಿ ಎಲ್ಲರೂ ಹೊಗಳಿದರು.

ಆ ಮನೆಗೆ ದಿನವೂ ಮೊಸರು ತರುತ್ತಿದ್ದ ಒಬ್ಬ ಮುದುಕಿ ಇದ್ದಳು. ಅವಳ ಗಂಡ ಅದೇ ರೈಲುದಾರಿಯಲ್ಲಿ ಕೀಮ್ಯಾನ್ ಆಗಿದ್ದವನು. ಹೆಗಲ ಮೇಲೆ ಸುತ್ತಿಗೆ, ಕಂಕುಳಲ್ಲಿ ಬಾವುಟ. ಬೆಳಗಾದರೆ ಹಳಿಯ ಗುಂಟ ನಡೆದು, ಸಡಿಲವಾದದ್ದನ್ನು ಬಡಿದು ಬಿಗಿಮಾಡುವುದು ಅವನ ಕೆಲಸ. ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಅವನದೊಂದು ಫೋಟೋ ಕೂಡ ಇರಲಿಲ್ಲ.

ಒಂದು ದಿನ ಮುದುಕಿ ಮೊಸರಿನ ಗಡಿಗೆ ಕೆಳಗಿಟ್ಟು ಪಡಸಾಲೆಯೊಳಗೆ ಹಣಿಕಿ ನೋಡಿದಳು.

"ಸಾವ್ಕಾರ್ರ, ಇದು ನಮ್ಮ ದಾರಿನ ಹೌದಲ್ರಿ?"

"ಹೌದು ಆಯಿ, ಅದೇ ದಾರಿ."

"ಹಂಗಾರ ನಮ್ಮವ್ರು ಎಲ್ಲಿ ಅದಾರ್ರಿ? ಅವ್ರು ತುಳೀದ ಇದ್ದ ದಿನಾನ ಇಲ್ಲ ಈ ದಾರಿಗೆ."

ವರ್ತಕ ಒಂದು ಕಡ್ಡಿಯ ತುದಿಯಿಂದ ಹಳಿಯ ಮೇಲಿನ ಒಂದು ಜೀರಿಗೆ ಕಾಳನ್ನು ತೋರಿಸಿದ. ಮುದುಕಿ ಬಗ್ಗಿ, ಕಣ್ಣು ಕಿರಿದುಮಾಡಿ ನೋಡಿದಳು.

"ಇರುವಿ ಬಂದು ನಿಂತಂಗ ಐತ್ರಿ. ಮಾರಿ ಎಲ್ಲೈತಿ?"

"ಇಷ್ಟು ಚಿಕ್ಕದರಲ್ಲಿ ಮುಖ ಬರುವುದಿಲ್ಲ ಆಯಿ."

"ಬರೂದಿಲ್ಲಂದ್ರ ಇರ್ಲಿ ಬಿಡ್ರಿ," ಎಂದಳು ಮುದುಕಿ. ಗಡಿಗೆ ಎತ್ತಿಕೊಂಡಳು. ಮತ್ತೆ ಕೆಳಗಿಟ್ಟಳು. "ಒಂದ್ಸಲ ನೋಡಬೇಕಾಗಿತ್ರಿ. ಅವ್ರ ಮಾರಿ ಈಗೀಗ ನನಗ ಮರೀಲಿಕ್ಕ ಹತ್ತೇತಿ. ನೆಪ್ಪು ಮಾಡ್ಕೊಂತೀನಿ, ಕಿವಿ ಬರ್ತಾವು, ಮೂಗು ಬರೂದಿಲ್ಲ. ಆ ಹಳ್ಳದ ಸೇತುವಿ ಐತಲ್ರಿ, ಅಲ್ಲಿ ನೀರು ಬಂದು ಹಳಿ ಕೆಳಗಿನ ಮಣ್ಣು ಕೊಚ್ಚಿ ಹೋದಾಗ, ಕೆಂಪು ಬಾವುಟ ಹಿಡಕೊಂಡು ಹಳಿ ನಡುವ ನಿಂತಿದ್ರು. ರೈಲು ಬಂದು ಅವ್ರ ಎದಿ ಮುಂದ ನಿಂತಿತ್ತು."

ವರ್ತಕನ ಕೈಯ ಕಡ್ಡಿ ನಿಂತಿತು. ಆ ದಿನ ಅವನು ಆ ರೈಲಿನಲ್ಲಿದ್ದ. ಹಳ್ಳದ ಬಳಿ ರೈಲು ನಿಂತದ್ದು ಅವನಿಗೆ ನೆನಪಿತ್ತು. ಏಕೆ ನಿಂತಿತೆಂದು ಅವನು ಇಳಿದು ನೋಡಿರಲಿಲ್ಲ. ಪೇಟೆಗೆ ತಡವಾಯಿತೆಂದು ಗೊಣಗುತ್ತ ಬುತ್ತಿ ಬಿಚ್ಚಿ ರೊಟ್ಟಿ ತಿಂದಿದ್ದ. ಅಂದಿನಿಂದ ತಿಂದ ಅನ್ನವೆಲ್ಲ ಯಾರು ಉಳಿಸಿಕೊಟ್ಟದ್ದು ಎಂಬುದು ಅವನಿಗೆ ಈಗ ತಿಳಿಯಿತು.

ಆದರೂ ಮಾಡಿಟ್ಟ ಅಳತೆಯನ್ನು ಕೆಡಿಸಲು ಅವನಿಗೆ ಮನಸ್ಸಾಗಲಿಲ್ಲ. ಎಲ್ಲವೂ ಇದ್ದಂತೆ ಇರಲಿ, ಆ ಕೀಮ್ಯಾನ್ ಒಬ್ಬನನ್ನು ದೊಡ್ಡದಾಗಿ ಮಾಡಿಸಿದರೆ ಆಯಿತು ಎಂದುಕೊಂಡ. ಒಬ್ಬ ಗೊಂಬೆ ಮಾಡುವವನನ್ನು ಕರೆಸಿದ. ಮುಖ ತಿಳಿಯಲು ಗೊಂಬೆ ಎಷ್ಟಿರಬೇಕು ಎಂದು ಕೇಳಿದ. ಹೆಬ್ಬೆರಳಿನಷ್ಟಾದರೂ ಇರಬೇಕು, ಅದಕ್ಕಿಂತ ಕಡಿಮೆಯಾದರೆ ನನ್ನಿಂದ ಆಗದು ಎಂದ ಅವನು.

ಮುದುಕಿ ಗೊಂಬೆ ಮಾಡುವವನ ಎದುರಿಗೆ ಕುಳಿತಳು. ಕಿವಿ ಇನ್ನೂ ಅಗಲ ಮಾಡೆಂದಳು. ಗಲ್ಲ ಇಷ್ಟು ತುಂಬಿರಲಿಲ್ಲ, ಕೆತ್ತು ಎಂದಳು. "ಇಷ್ಟು ಚೆಂದ ಮಾಡಬ್ಯಾಡೋ ಯಪ್ಪಾ, ಇಷ್ಟು ಚೆಂದ ಇದ್ದಿದ್ರ ನನ್ನ ಯಾಕ ಮಾಡ್ಕೊಂತಿದ್ರು!" ಎಂದಳು. ಮೂಗಿನ ಹತ್ತಿರ ಬಂದಾಗ ಇಬ್ಬರೂ ಬಹಳ ಹೊತ್ತು ಕಷ್ಟಪಟ್ಟರು. ಅವನು ಒಂದಿಷ್ಟು ತೆಗೆದ, ಒಂದಿಷ್ಟು ಒತ್ತಿದ. ಒಮ್ಮೆಲೇ ಮುದುಕಿ ಅವನ ಕೈ ಹಿಡಿದು, "ಸಾಕು," ಎಂದಳು.

ವರ್ತಕ ಆ ಗೊಂಬೆಯನ್ನು ಪಡಸಾಲೆಯ ರೈಲುದಾರಿಯಲ್ಲಿ, ಹಳ್ಳದ ಸೇತುವೆಯ ಮುಂದೆ ನಿಲ್ಲಿಸಿದ. ಬೆರಳಿನಷ್ಟು ಎಂಜಿನ್ನು ಓಡಿ ಬಂದು ಗೊಂಬೆಯ ಮೊಣಕಾಲಿನ ಕೆಳಗೆ ನಿಂತಿತು.

ಮುದುಕಿ ನೋಡಿದಳು. ಸೆರಗು ಬಾಯಿಗೆ ಹಿಡಿದಳು. ಅಳುತ್ತಾಳೆಂದು ಎಲ್ಲರೂ ತಿಳಿದರು. ಅವಳು ನಗುತ್ತಿದ್ದಳು.

"ಸಾವ್ಕಾರ್ರ, ಇಷ್ಟೆತ್ತರ ಇದ್ದಿದ್ರ ಅವ್ರು ಬಾವುಟ ಯಾಕ ಹಿಡೀತಿದ್ರು? ರೈಲನ್ನ ಬೆಕ್ಕಿನ ಮರಿ ಎತ್ತಿದಂಗ ಎತ್ತಿ ಆ ಕಡೆ ದಂಡಿಗೆ ಇಡ್ತಿದ್ರು!"

ಕೂಡಿದವರೆಲ್ಲ ನಕ್ಕರು. ವರ್ತಕನೂ ನಕ್ಕ. ನಗು ಇಳಿದ ಮೇಲೆ ಮುದುಕಿ ಮೆಲ್ಲಗೆ ಹೇಳಿದಳು:

"ಹಂಗಲ್ರಿ. ಅವ್ರು ಸಣ್ಣವ್ರಿದ್ರು. ಎಂಜಿನ್ನು ದೊಡ್ಡದಿತ್ತು. ಆದ್ರೂ ನಿಂತಿದ್ರು."

ವರ್ತಕ ಗೊಂಬೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಳತೆಪಟ್ಟಿ ತರಿಸಿದ. ಈ ಸಲ ಅವನು ಪಡಸಾಲೆಯನ್ನು ಅಳೆಯಲಿಲ್ಲ. ಗೊಂಬೆಯನ್ನು ಅಳೆದ.

ಗೊಂಬೆ ಹೆಬ್ಬೆರಳಿನಷ್ಟು. ಅದಕ್ಕೆ ತಕ್ಕಂತೆ ಎಂಜಿನ್ನು ಮೊಳ ಮೀರಿತು. ಎಂಜಿನ್ನಿಗೆ ತಕ್ಕಂತೆ ಹಳಿ, ಹಳಿಗೆ ತಕ್ಕಂತೆ ಸೇತುವೆ, ಸೇತುವೆಗೆ ತಕ್ಕಂತೆ ಹಳ್ಳ. ದಾರಿ ಪಡಸಾಲೆಯಲ್ಲಿ ನಿಲ್ಲಲಿಲ್ಲ. ಹೊಸ್ತಿಲು ದಾಟಿತು, ದನದ ಕೊಟ್ಟಿಗೆ ದಾಟಿತು, ಹಿತ್ತಿಲ ಗೋಡೆಗೆ ಬಂದು ಮುಟ್ಟಿತು.

"ಅಪ್ಪಾ, ಗೋಡೆ ಅಡ್ಡ ಬಂತು," ಎಂದರು ಮಕ್ಕಳು.

"ಒಡೆಯಿರಿ."

"ಗೋಡೆಯಾಚೆ ಹತ್ತಿ ಹೊಲ. ಆ ಪಟ್ಟಿಯಲ್ಲಿ ಬಿತ್ತನೆ ಆಗುವುದಿಲ್ಲ."

"ಬಿತ್ತುವುದು ಬೇಡ."

"ಒಂದು ಗೊಂಬೆಗಾಗಿ ಇಷ್ಟೆಲ್ಲವೇ?" ಎಂದು ಹಿರಿಯ ಮಗ ಕೇಳಿದ.

"ಹೌದು," ಎಂದ ವರ್ತಕ.

ವರ್ತಕನಿಗೆ ತಲೆ ಕೆಟ್ಟಿತೆಂದು ಊರಲ್ಲಿ ಆಡಿಕೊಂಡರು. ಒಂದು ಸುಗ್ಗಿ ಹೋಗಿ ಇನ್ನೊಂದು ಸುಗ್ಗಿ ಬಂತು. ದಾರಿ ಹೊಲದ ಕೊನೆಯ ಬಾವಿಯವರೆಗೆ ಹೋಯಿತು. ಈಗ ಅದಕ್ಕೆ ಸುತ್ತು ಹಾಕುವ ಅಗತ್ಯ ಇರಲಿಲ್ಲ. ನಿಜವಾದ ದಾರಿ ಹೋದಂತೆ ಅದೂ ನೆಟ್ಟಗೆ ಹೋಯಿತು.

ದಾರಿ ಮುಗಿದ ದಿನ ಮುದುಕಿ ಗಡಿಗೆಯನ್ನು ಹೊಸ್ತಿಲ ಬಳಿ ಇಟ್ಟು ದಾರಿಯ ಗುಂಟ ನಡೆದಳು. ಊರವರು ಹಿಂದೆ ನಡೆದರು. ಒಂದು ಬೇವಿನ ಮರದ ಹತ್ತಿರ ನಿಂತು, "ಇಲ್ಲಿ ಕುಂತು ರೊಟ್ಟಿ ತಿಂತಿದ್ರು," ಎಂದಳು. ಮರ ಅವಳ ಮೊಣಕಾಲಿಗಿಂತ ಕೆಳಗಿತ್ತು. ಆದರೂ ಅದರ ನೆರಳನ್ನು ತುಳಿಯದೆ ದಾಟಿದಳು. ಹಿಂದೆ ಬಂದವರೂ ಹಾಗೆಯೇ ದಾಟಿದರು. ಏಕೆಂದು ಯಾರೂ ಕೇಳಲಿಲ್ಲ.

ಹಳ್ಳದ ಸೇತುವೆ ಬಂತು. ಹಳಿಯ ನಡುವೆ ಅವನು ನಿಂತಿದ್ದ. ಅಗಲ ಕಿವಿ, ತೆಳ್ಳಗಿನ ಗಲ್ಲ, ಅದೇ ಮೂಗು. ಕೈಯಲ್ಲಿ ಕಣಗಿಲೆ ಎಸಳಿನಷ್ಟು ಕೆಂಪು ಬಟ್ಟೆ.

ಮುದುಕಿ ಕುಳಿತು ನೋಡಿದಳು. ಅವನ ಮುಖ ಇನ್ನೂ ಕೆಳಗಿತ್ತು. ಆಗ ಅವಳು ಮೆಲ್ಲಗೆ ನೆಲಕ್ಕೆ ಒರಗಿ, ಕೆನ್ನೆಯನ್ನು ಮಣ್ಣಿಗೆ ಹಚ್ಚಿದಳು. ಅವಳ ಕಣ್ಣು ಅವನ ಕಣ್ಣಿನ ಮಟ್ಟಕ್ಕೆ ಬಂತು.

ವರ್ತಕ ಗುಂಡಿ ಒತ್ತಿದ. ಮನೆಯ ಕಡೆಯಿಂದ ರೈಲು ಹೊರಟಿತು.

ನಿಂತವರಿಗೆ ಅದು ಚಿಕ್ಕ ರೈಲು. ನೆಲಕ್ಕೆ ಕೆನ್ನೆ ಇಟ್ಟವಳಿಗೆ ಅದು ಬೆಳೆಯುತ್ತ ಬಂತು. ಹಳಿ ನಡುಗಿತು. ಅವಳ ಕೆನ್ನೆಯ ಕೆಳಗೆ ಮಣ್ಣು ನಡುಗಿತು. ಎಂಜಿನ್ನು ಆಕಾಶವನ್ನು ಮರೆಮಾಡುವಷ್ಟು ದೊಡ್ಡದಾಯಿತು. ಅದರ ಎದುರಿಗೆ ಒಬ್ಬ ಸಣ್ಣ ಮನುಷ್ಯ ಒಂದು ಎಸಳು ಹಿಡಿದು ನಿಂತಿದ್ದ. ಎಂಜಿನ್ನು ಅವನ ಎದೆಯ ಮುಂದೆ ಬಂದು ನಿಂತಿತು.

ಹಿಂದೆ ನಿಂತವರಲ್ಲಿ ಒಬ್ಬ ತಲೆಯ ರುಮಾಲು ತೆಗೆದ. ಅವನನ್ನು ನೋಡಿ ಉಳಿದವರೂ ತೆಗೆದರು. ಗಾಳಿಗೆ ಆ ಕೆಂಪು ಎಸಳು ಸ್ವಲ್ಪ ಅಲುಗಿತು.

"ಅಂಜಿಕಿ ಆಗ್ಲಿಲ್ಲೇನ್ರಿ?" ಎಂದು ಮುದುಕಿ ಕೇಳಿದಳು. ಕೇಳಿದ್ದು ವರ್ತಕನನ್ನಲ್ಲ.

ವರ್ತಕ ಕೈ ಮುಗಿದು ನಿಂತಿದ್ದ.

ಆ ಹೊತ್ತಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಪರಸ್ಥಳದವನು ಹೊಲದ ಬದುವಿನ ಮೇಲೆ ಬಂದು ನಿಂತ. ಮನೆಯಿಂದ ಬಾವಿಯವರೆಗೆ ಹರಿದ ದಾರಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದ. "ಅಬ್ಬಬ್ಬಾ! ಎಷ್ಟು ದೊಡ್ಡದು ಮಾಡಿದ್ದಾರೆ!" ಎಂದ. ಆಮೇಲೆ ಸೇತುವೆಯ ಕಡೆ ಕೈ ತೋರಿಸಿ, "ಇಷ್ಟರೊಳಗೆ ಆ ಹೆಬ್ಬೆರಳಿನಷ್ಟು ಮನುಷ್ಯ ಯಾವ ಲೆಕ್ಕ?" ಎಂದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕೊನೆಗೆ ಅವನೇ ಕೇಳಿದ: "ಅದಕ್ಕೆ ವರ್ತಕ ಏನೆಂದ, ಅಪ್ಪಾವರೇ?"

ಅಜ್ಜಾರು ಅವನ ಮುಖವನ್ನೇ ನೋಡುತ್ತ ಹೇಳಿದರು:

"ತಮ್ಮಾ, ನಿನ್ನ ಮುಖ ಕಾಣಬೇಕಿತ್ತು, ಅದಕ್ಕೇ ನಿನ್ನನ್ನು ಮಾಡಿದವನು ಆಕಾಶವನ್ನು ಅಷ್ಟು ದೊಡ್ಡದು ಮಾಡಬೇಕಾಯಿತು."

ಮಠದ ಅಂಗಳದಲ್ಲಿ ಬಿಸಿಲು ಬಂದಿತ್ತು. ಶಿಷ್ಯ ತಲೆ ಎತ್ತಿ ಮೇಲೆ ನೋಡಿದ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ ಎಂದು ಮಾವ ಹೇಳುತ್ತಿದ್ದರು. ಮುಂದೆ ಅವನ ಪೂಜೆ ಹೇಗೆ ನಡೆಯಿತು ಎಂದು ನಾನು ಕೇಳಿದೆ. ಅದು ಅವನ ಮನೆಯ ಮಾತು, ನಮಗೇಕೆ ಎಂದುಬಿಟ್ಟರು.

ಇಲ್ಲಿಯವರೆಗೆ ಓದಿದವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಾಗಲಿ, ನೆರೆಯಲ್ಲಾಗಲಿ, ನಾನು ಯಾವ ಲೆಕ್ಕ ಎಂದು ಮುಖ ಕೆಳಗೆ ಹಾಕಿ ಕುಳಿತವರು ಒಬ್ಬರಾದರೂ ಇರುತ್ತಾರೆ. ಅವರ ಪಕ್ಕದಲ್ಲಿ ಹೋಗಿ ಕುಳಿತು ಈ ಕತೆಯನ್ನು ಹೇಳಿ. ಅವಸರ ಮಾಡಬೇಡಿ. ಕೊನೆಯ ಮಾತನ್ನು ಅವರ ಮುಖ ನೋಡಿಯೇ ಹೇಳಿ.